ಕಹಳೆಯ ತಾರಸ್ಥಾಯಿ: ಕ್ಲಾರಿನೊ ವಾದನಕಲೆಯ ಲೋಪ ಮತ್ತು ಪುನರುದ್ಧಾರ

1789ರಲ್ಲಿ ವಿಯೆನ್ನಾ ನಗರದ ಬ್ಯಾರನ್ ವಾನ್ ಸ್ವೀಟೆನ್ ಎಂಬ ಸಂಗೀತಪೋಷಕನ ಕೋರಿಕೆಯಂತೆ ಮೊಟ್ಸಾರ್ಟನು ಹ್ಯಾಂಡೆಲನ ‘ಮೆಸೈಯ’ ಎಂಬ ಪ್ರಸಿದ್ಧ ಕೃತಿಯನ್ನು ತನ್ನ ಕಾಲದ ವಾದ್ಯವೃಂದಕ್ಕೆ ಒಗ್ಗುವಂತೆ ಪರಿಷ್ಕರಿಸಿದನು. ಆ ಕೃತಿಯ ಮೂರನೆಯ ಭಾಗದಲ್ಲಿ ಮಂದ್ರಕಂಠದ ಗಾಯಕನೊಡನೆ ಕಹಳೆಯು ಸರಿಸಮನಾಗಿ ಸಂವಾದ ನಡೆಸುವ ಗೀತವೊಂದಿದೆ. ಸತ್ತವರನ್ನು ಎಬ್ಬಿಸುವ ಕೊನೆಯ ಕಹಳೆಯೇ ಆ ಗೀತದ ವಸ್ತು. ಆದರೆ ಮೊಟ್ಸಾರ್ಟನು ಅಲ್ಲಿಯೇ ಕಹಳೆಯ ಪಾತ್ರವನ್ನು ಬಹುವಾಗಿ ಮೊಟಕುಮಾಡಿ, ಅದರ ಪಾಲನ್ನು ಹಾರ್ನ್ ವಾದ್ಯಕ್ಕೆ ಹಂಚಿಕೊಟ್ಟನು. ಹ್ಯಾಂಡೆಲನು ಆ ಗೀತವನ್ನು ರಚಿಸಿದುದು 1741ರಲ್ಲಿ. ಮಧ್ಯೆ ಕಳೆದುದು ಕೇವಲ ನಲವತ್ತೆಂಟು ವರ್ಷ. ಇಷ್ಟು ಅಲ್ಪಕಾಲದಲ್ಲಿ, ಐರೋಪ್ಯ ಸಂಗೀತದ ರಾಜಧಾನಿಯೆನಿಸಿದ್ದ ನಗರದಲ್ಲಿಯೇ, ಈ ಭಾಗವನ್ನು ನುಡಿಸಬಲ್ಲವರನ್ನು ನೆಚ್ಚುವಂತಿರಲಿಲ್ಲವೆಂದರೆ ಅದಕ್ಕೆ ಕಾರಣವೇನು? ವಾದ್ಯವು ಬದಲಾಗಿತ್ತೆ? ವಾದಕರ ತುಟಿಗಳು ಬಲಗುಂದಿದ್ದುವೆ? ಅಥವಾ ಯಾವುದಾದರೂ ರಹಸ್ಯವು ಕಳೆದುಹೋಗಿತ್ತೆ? ಈ ಮೂರು ಉತ್ತರಗಳನ್ನೂ ವಿದ್ವಾಂಸರು ಒಂದಲ್ಲ ಒಂದು ಕಾಲದಲ್ಲಿ ಕೊಟ್ಟಿದ್ದಾರೆ. ಈ ಮೂರೂ ಸಮರ್ಪಕವಲ್ಲವೆಂಬುದನ್ನೂ, ನಿಜವಾದ ಕಾರಣವನ್ನು ವಾದ್ಯದ ಚರಿತ್ರೆಯಲ್ಲಿ ಹುಡುಕುವುದಕ್ಕಿಂತ ವಾದಕರ ಸಂಘಜೀವನದ ಚರಿತ್ರೆಯಲ್ಲಿ ಹುಡುಕಬೇಕೆಂಬುದನ್ನೂ ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸಿದೆ.

ಮೊದಲು ವಾದ್ಯದ ಸ್ವಭಾವವನ್ನು ಅರಿಯಬೇಕು. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಐರೋಪ್ಯ ಕಹಳೆಗೆ ಇಂದಿನ ಟ್ರಂಪೆಟ್ಟಿನಲ್ಲಿರುವ ವಾಲ್ವುಗಳಿರಲಿಲ್ಲ. ಎರಡು ಕಡೆ ಬಾಗಿಸಿದ, ಸುಮಾರು ಏಳು ಅಥವಾ ಎಂಟು ಅಡಿ ಉದ್ದದ ಹಿತ್ತಾಳೆಯ ಇಲ್ಲವೆ ಬೆಳ್ಳಿಯ ಕೊಳವೆ. ಒಂದು ತುದಿಯಲ್ಲಿ ತುಟಿಗಳನ್ನಿಡುವ ಬಟ್ಟಲು, ಇನ್ನೊಂದು ತುದಿಯಲ್ಲಿ ಅರಳಿದ ಬಾಯಿ. ಇಷ್ಟೇ ಅದರ ರಚನೆ. ನಮ್ಮ ಕೊಂಬು ಕಹಳೆಗಳೂ ತತ್ತ್ವದಲ್ಲಿ ಇದೇ ಜಾತಿಯವು. ಇಂಥ ಕೊಳವೆಯಿಂದ ನಾವು ಬಯಸಿದ ಸ್ವರಗಳೆಲ್ಲ ಹೊರಡುವುದಿಲ್ಲ. ಆಧಾರಸ್ವರದ ಕಂಪನಸಂಖ್ಯೆಯನ್ನು ಎರಡರಿಂದ, ಮೂರರಿಂದ, ನಾಲ್ಕರಿಂದ, ಹೀಗೆ ಪೂರ್ಣಾಂಕಗಳಿಂದ ಗುಣಿಸಿದರೆ ದೊರೆಯುವ ಸ್ವರಗಳು ಮಾತ್ರ ಸಹಜವಾಗಿ ಹುಟ್ಟುತ್ತವೆ. ತಂಬೂರಿಯ ತಂತಿಯಿಂದ ತಾವಾಗಿ ಕೇಳಿಬರುವ ಸ್ವಯಂಭೂ ಸ್ವರಗಳ ಶ್ರೇಢಿಯೇ ಇದು.

ಈ ಶ್ರೇಢಿಯ ಒಂದು ಗುಣವೇ ನಮ್ಮ ವಿಷಯಕ್ಕೆಲ್ಲ ಮೂಲ. ಕೆಳಗಿನ ಸ್ಥಾಯಿಗಳಲ್ಲಿ ಸ್ವರಗಳ ನಡುವಣ ಅಂತರ ಬಹಳ ದೊಡ್ಡದು. ಎರಡರಿಂದ ನಾಲ್ಕನೆಯವರೆಗಿನ ಸ್ಥಾಯಿಯಲ್ಲಿ ಷಡ್ಜ ಪಂಚಮಗಳು ಮಾತ್ರ ಇವೆ. ನಾಲ್ಕರಿಂದ ಎಂಟರವರೆಗೆ ಷಡ್ಜ, ಅಂತರ ಗಾಂಧಾರ, ಪಂಚಮ, ಮತ್ತು ತುಸು ಇಳಿದ ಕೈಶಿಕಿ ನಿಷಾದ. ಇವುಗಳಿಂದ ಯುದ್ಧದ ಸಂಕೇತಗಳನ್ನು ಊದಬಹುದೇ ಹೊರತು ರಾಗವನ್ನು ನುಡಿಸಲಾಗದು. ಎಂಟನೆಯ ಸ್ವರವನ್ನು ದಾಟಿದ ಮೇಲೆಯೇ ಮೆಟ್ಟಿಲು ಮೆಟ್ಟಿಲಾದ ಮೇಳ ದೊರೆಯುವುದು: ಎಂಟು ಷಡ್ಜ, ಒಂಬತ್ತು ಚತುಃಶ್ರುತಿ ಋಷಭ, ಹತ್ತು ಅಂತರ ಗಾಂಧಾರ, ಹನ್ನೆರಡು ಪಂಚಮ, ಹದಿನೈದು ಕಾಕಲಿ ನಿಷಾದ, ಹದಿನಾರು ಮೇಲಿನ ಷಡ್ಜ. ಹನ್ನೊಂದನೆಯದು ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ. ಎರಡರ ನಡುವೆ ತೂಗಾಡುತ್ತದೆ. ಹದಿಮೂರನೆಯದು ಶುದ್ಧ ಮತ್ತು ಚತುಃಶ್ರುತಿ ಧೈವತಗಳ ನಡುವೆ ನಿಲ್ಲುತ್ತದೆ. ಆದುದರಿಂದ ಕಹಳೆಯನ್ನು ಸಂಗೀತವಾದ್ಯವನ್ನಾಗಿ ಮಾಡಬೇಕೆಂದವನು ಎರಡು ಕೆಲಸಗಳನ್ನು ಸಾಧಿಸಬೇಕಾಗಿತ್ತು. ಒಂದು, ಎಂಟರಿಂದ ಹದಿನಾರರವರೆಗಿನ ಎತ್ತರದಲ್ಲಿಯೇ ಬಹುಕಾಲ ದಣಿಯದೆ ನೆಲಸುವುದು. ಇನ್ನೊಂದು, ಹನ್ನೊಂದು ಹದಿಮೂರುಗಳಂಥ ಅಪಸ್ವರಗಳನ್ನು ತುಟಿಯ ಬಿಗಿಸಡಿಲಗಳಿಂದಲೇ ಏರಿಸಿ ಇಳಿಸಿ ಶ್ರುತಿಗೆ ತರುವುದು. ಈ ಮೇಲಿನ ಸ್ಥಾಯಿಗೇ ಕ್ಲಾರಿನೊ ಎಂದು ಹೆಸರು.

ಎಂಟಡಿಯ ಕಹಳೆಯಲ್ಲಿ ಹದಿನಾರನೆಯ ಸ್ವರವನ್ನು ಊದುವಾಗ ತುಟಿಗಳು ಸೆಕೆಂಡಿಗೆ ಸುಮಾರು 1,045 ಸಾರಿ ಕಂಪಿಸಬೇಕು. ಅದರ ನೆರೆಯ ಹದಿನೈದನೆಯ ಸ್ವರ ಅಲ್ಲಿಂದ ಅರ್ಧಸ್ವರದಷ್ಟೇ ದೂರದಲ್ಲಿದೆ. ತುಟಿಯ ಬಿಗಿ ಕಿಂಚಿತ್ತು ತಪ್ಪಿದರೂ ವಾದಕನು ಪಕ್ಕದ ಮೆಟ್ಟಿಲಿಗೆ ಜಾರುತ್ತಾನೆ. ಎತ್ತರಕ್ಕೆ ಹೋದಂತೆ ಕೊಳವೆಯು ತುಟಿಗಳ ಮೇಲಿಡುವ ಹಿಡಿತವೂ ಸಡಿಲವಾಗುತ್ತದೆ. ಇದು ಅಪಾಯ, ಅಪಸ್ವರಗಳನ್ನು ತಿದ್ದಲು ಅವಕಾಶ ಕೊಡುವುದೂ ಇದೇ.

ಇಂತಹ ಕಠಿನ ವಿದ್ಯೆಯನ್ನು ಆ ಕಾಲದವರು ಹೇಗೆ ಕೈವಶಮಾಡಿಕೊಂಡಿದ್ದರು? ಶ್ರಮವಿಭಾಗದಿಂದ ಎಂಬುದೇ ಉತ್ತರ. 1607ರಲ್ಲಿ ಮಾಂಟುವಾದಲ್ಲಿ ಪ್ರದರ್ಶಿತವಾದ ಮಾಂಟೆವೆರ್ದಿಯ ‘ಆರ್ಫೆಯೊ’ ಗೇಯನಾಟಕದ ಆರಂಭದ ತೊಕ್ಕಾತವನ್ನು ನೋಡಬೇಕು. ಅಲ್ಲಿ ಕಹಳೆಯ ಮೇಳವು ಐದು ಪಾತ್ರಗಳಾಗಿ ಒಡೆದಿದೆ. ತಳದ ಇಬ್ಬರು ತಲಾ ಒಂದೊಂದೇ ಸ್ವರವನ್ನು ಶ್ರುತಿಯಂತೆ ಹಿಡಿದಿರುತ್ತಾರೆ. ನಡುವಿನವರು ಸಂಕೇತದ ಮಟ್ಟುಗಳನ್ನು ಊದುತ್ತಾರೆ. ಮೇಲಿನ ಒಬ್ಬನು ಮಾತ್ರ ಕ್ಲಾರಿನೊ ಸ್ಥಾಯಿಯಲ್ಲಿ ಸಂಚರಿಸುತ್ತಾನೆ. ಇದು ಮಾಂಟೆವೆರ್ದಿಯ ಕಲ್ಪನೆಯಲ್ಲ, ರಾಜಾಸ್ಥಾನಗಳಲ್ಲಿ ಆಗಲೇ ರೂಢಿಯಲ್ಲಿದ್ದ ಪದ್ಧತಿ. ಮ್ಯೂನಿಕ್ ಆಸ್ಥಾನದ ಮುಖ್ಯ ಕಹಳೆಗಾರನಾಗಿದ್ದ ಚೇಸರೆ ಬೆಂದಿನೆಲ್ಲಿಯು 1614ರಲ್ಲಿ ವೆರೋನಾದ ಸಂಗೀತ ಪರಿಷತ್ತಿಗೆ ಅರ್ಪಿಸಿದ ಹಸ್ತಪ್ರತಿಯಿಂದ ಇದರ ವಿವರಗಳು ತಿಳಿಯುತ್ತವೆ. ಎರಡನೆಯ ವಾದಕನು ಗೊತ್ತಾದ ಮಟ್ಟನ್ನು ನಡೆಸುತ್ತಿದ್ದನು; ಕ್ಲಾರಿನೊ ವಾದಕನು ಅದರ ಮೇಲೆ ಮನೋಧರ್ಮದಿಂದ ಹೆಣೆಯುತ್ತಿದ್ದನು. ಹೀಗೆ ತಾರಸ್ಥಾಯಿಯಲ್ಲಿಯೇ ವಿಹರಿಸುವವನು ಬೇರೆ, ಕೆಳಸ್ಥಾಯಿಯವನು ಬೇರೆ ಎಂದು ಆದುದರಿಂದ ಒಬ್ಬೊಬ್ಬನ ತುಟಿಯೂ ಒಂದೊಂದು ಸ್ಥಾಯಿಗೆ ಹದಗೊಳ್ಳುತ್ತಿತ್ತು. ಇಟಲಿಯಲ್ಲಿ 1638ರಲ್ಲಿ ಅಚ್ಚಾದ ಜಿರೊಲಾಮೊ ಫಂತೀನಿಯ ಬೋಧಗ್ರಂಥದಲ್ಲಿ ಯುದ್ಧಸಂಕೇತಗಳ ಜೊತೆಗೆ ಕಹಳೆಗೂ ಆರ್ಗನ್ನಿಗೂ ಬರೆದ ಸೊನಾಟಗಳಿವೆ. ರಣರಂಗದ ವಾದ್ಯವು ಸಭಾಮಂಟಪಕ್ಕೆ ಬಂದುದಕ್ಕೆ ಅದೇ ಸಾಕ್ಷಿ.

ಈ ಶ್ರಮವಿಭಾಗಕ್ಕೆ ಕಾನೂನಿನ ಕಟ್ಟನ್ನು ಒದಗಿಸಿದುದು ಕಹಳೆಗಾರರ ಶ್ರೇಣಿ. 1623ರಲ್ಲಿ ಪವಿತ್ರ ರೋಮನ್ ಚಕ್ರಾಧಿಪತ್ಯದ ಚಕ್ರವರ್ತಿ ಎರಡನೆಯ ಫರ್ಡಿನೆಂಡನು ಕಹಳೆ ಮತ್ತು ನಗಾರಿ ವಾದಕರ ಸಂಘಕ್ಕೆ ಸನ್ನದನ್ನು ದಯಪಾಲಿಸಿದನು. ಸ್ಯಾಕ್ಸನಿಯ ಅರಸನು ಅದರ ರಕ್ಷಕನಾದನು. ಇದರ ನಿಬಂಧನೆಗಳು ಗಮನಾರ್ಹ. ಗುರುವಾದವನು ಒಂದು ಕಾಲದಲ್ಲಿ ಒಬ್ಬನೇ ಶಿಷ್ಯನನ್ನು ಇಟ್ಟುಕೊಳ್ಳಬೇಕು. ಶಿಷ್ಯವೃತ್ತಿ ಎರಡು ವರ್ಷ. ಕಹಳೆಯೊಡನೆ ಯುದ್ಧದಲ್ಲಿ ಸೇವೆಮಾಡಿದವನಿಗೆ ಮಾತ್ರ ಕಲಿಸುವ ಅಧಿಕಾರ. ಶ್ರೇಣಿಗೆ ಸೇರದವರು ಕಹಳೆಯನ್ನು ಮುಟ್ಟಕೂಡದು. ಕಹಳೆಯು ಪ್ರಭುತ್ವದ ಲಾಂಛನವಾಗಿದ್ದುದೇ ಇಷ್ಟೊಂದು ಬಿಗಿಗೆ ಕಾರಣ. ನಮ್ಮ ಶಾಸನಗಳಲ್ಲಿ ಮಹಾಮಂಡಲೇಶ್ವರರಿಗೆ ಬರುವ ‘ಸಮಧಿಗತಪಂಚಮಹಾಶಬ್ದ’ ಎಂಬ ವಿಶೇಷಣವನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಅಲ್ಲಿಯೂ ಶೃಂಗ, ಶಂಖ, ಭೇರಿಗಳನ್ನು ಬಾರಿಸಿಕೊಳ್ಳುವ ಹಕ್ಕು ಮೇಲಿನವರಿಂದ ಪಡೆದುಕೊಳ್ಳಬೇಕಾದ ಮರ್ಯಾದೆಯಾಗಿತ್ತು.

ಆದರೆ ಶ್ರೇಣಿಯ ಚರಿತ್ರೆಯೇ ಕಲೆಯ ಸಂಪೂರ್ಣ ಚರಿತ್ರೆಯಲ್ಲ. ನಗರಸಭೆಗಳ ವೇತನದಲ್ಲಿದ್ದ ವಾದಕರೂ ಈ ವಿದ್ಯೆಯಲ್ಲಿ ಪಾರಂಗತರಾಗಿದ್ದರು. ಅವರಲ್ಲಿ ಅಗ್ರಗಣ್ಯನಾದವನು ಲೈಪ್ಜಿಗ್ ನಗರದ ಗಾಟ್‌ಫ್ರೀಡ್ ರೈಖೆ. 1667ರಲ್ಲಿ ವೈಸೆನ್‌ಫೆಲ್ಸ್ ಎಂಬ ಊರಿನಲ್ಲಿ ಜನಿಸಿದ ಈತನು, 1723ರಲ್ಲಿ ಬಾಖನು ಲೈಪ್ಜಿಗ್ಗಿಗೆ ಬಂದಂದಿನಿಂದ ತನ್ನ ಮರಣದವರೆಗೆ ಅವನ ಕೃತಿಗಳ ಪ್ರಧಾನ ಕಹಳೆಗಾರನಾಗಿದ್ದನು. ಹೌಸ್‌ಮಾನ್ ಎಂಬ ಚಿತ್ರಕಾರನು ಬರೆದ ರೈಖೆಯ ಭಾವಚಿತ್ರ ಉಳಿದುಬಂದಿದೆ. ಒಂದು ಕೈಯಲ್ಲಿ ಸುರುಳಿ ಸುತ್ತಿದ ಕಹಳೆ, ಇನ್ನೊಂದರಲ್ಲಿ ಸ್ವರಲಿಪಿಯ ಹಾಳೆ. ಆ ಹಾಳೆಯ ಮೇಲಿನ ಸ್ವರಗಳನ್ನು ಇಂದಿಗೂ ಓದಬಹುದು; ಅವೂ ತಾರಸ್ಥಾಯಿಯವೇ. ಸ್ಯಾಕ್ಸನಿಯ ಅರಸನ ಮುಂದೆ 1734ರ ಅಕ್ಟೋಬರ್ 5ರ ರಾತ್ರಿ ಪಂಜಿನ ಬೆಳಕಿನಲ್ಲಿ ಬಾಖನ ಕೃತಿಯೊಂದು ನಡೆಯಿತು. ಮರುದಿನ ರೈಖೆಯು ಬೀದಿಯಲ್ಲಿ ಕುಸಿದು ಮೃತನಾದನು. ಹಿಂದಿನ ರಾತ್ರಿಯ ಊದುವಿಕೆಯ ಆಯಾಸವೂ ಪಂಜುಗಳ ಹೊಗೆಯೂ ಕಾರಣವೆಂದು ಊರಿನ ವೃತ್ತಾಂತಕಾರನು ಬರೆದಿಟ್ಟನು. ಎತ್ತರದ ಸ್ವರಗಳು ಪ್ರಾಣಾಂತಿಕವೆಂಬ ಕಥೆಗೆ ಈ ಒಂದು ವಾಕ್ಯವು ಆಧಾರವಾಯಿತು. ಸತ್ತಾಗ ರೈಖೆಗೆ ಅರವತ್ತೇಳು ವರ್ಷವಾಗಿತ್ತೆಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ.

ತಾರಸ್ಥಾಯಿಯೆಂದರೆ ಬಲಪ್ರಯೋಗವೆಂಬ ಭಾವನೆಯೇ ಹದಿನೆಂಟನೆಯ ಶತಮಾನಕ್ಕೆ ಪರಕೀಯವೆನ್ನಬೇಕು. ಬಾಖನು 1721ರಲ್ಲಿ ಬ್ರಾಂಡೆನ್‌ಬುರ್ಗಿನ ಅರಸುಮಗನಿಗೆ ಅರ್ಪಿಸಿದ ಆರು ಕನ್ಸರ್ಟೊಗಳಲ್ಲಿ ಎರಡನೆಯದು ಕಹಳೆಯನ್ನು ಹದಿನೆಂಟನೆಯ ಸ್ವರದವರೆಗೆ ಕೊಂಡೊಯ್ಯುತ್ತದೆ. ಅಲ್ಲಿ ಅದರ ಸಂಗಡಿಗರು ಯಾರು? ರೆಕಾರ್ಡರ್ ಎಂಬ ಮೆದುದನಿಯ ಕೊಳಲು, ಓಬೊ ಮತ್ತು ಪಿಟೀಲು. ಕಹಳೆಯು ಅರಚಿದರೆ ಕೊಳಲು ಕೇಳಿಸುವುದೇ ಇಲ್ಲ. ಬಾಖನಂಥ ಕುಶಲಿಯು ಈ ಮೇಳವನ್ನು ಕಲ್ಪಿಸಿದನೆಂದರೆ, ಅವನಿಗೆ ಗೊತ್ತಿದ್ದ ವಾದಕರು ಅತ್ಯುಚ್ಚ ಸ್ವರಗಳನ್ನು ಮೃದುವಾಗಿಯೇ ಊದಬಲ್ಲವರಾಗಿದ್ದರೆಂದು ನಿಸ್ಸಂದೇಹವಾಗಿ ಊಹಿಸಬಹುದು. ಅಂದಿನಿಂದ ಉಳಿದುಬಂದಿರುವ ಊದುಬಟ್ಟಲುಗಳೂ ಇದಕ್ಕೆ ಅನುಕೂಲವಾಗಿಯೇ ಸಾಕ್ಷ್ಯ ನುಡಿಯುತ್ತವೆ. ಎತ್ತರಕ್ಕೇರಲು ಇವರು ಅತಿಚಿಕ್ಕ ಬಟ್ಟಲನ್ನು ಬಳಸಿರಬೇಕೆಂದು ಹಿಂದೆ ಹಲವರು ಭಾವಿಸಿದ್ದರು. ವಸ್ತುಸ್ಥಿತಿಯಲ್ಲಿ ಅವು ಅಗಲವಾದ ಚಪ್ಪಟೆ ಅಂಚಿನ, ಸಾಕಷ್ಟು ದೊಡ್ಡ ಬಟ್ಟಲುಗಳು.

ಈ ಕಲೆಯು ಮೆಲ್ಲಮೆಲ್ಲನೆ ಕ್ಷೀಣಿಸಿತೆಂದು ಭಾವಿಸುವುದೂ ತಪ್ಪು. ಸಾಲ್ಸ್‌ಬುರ್ಗಿನಲ್ಲಿದ್ದ ಲಿಯೊಪೋಲ್ಡ್ ಮೊಟ್ಸಾರ್ಟನು, ಎಂದರೆ ಪ್ರಸಿದ್ಧನಾದ ಮೊಟ್ಸಾರ್ಟನ ತಂದೆ, 1762ರಲ್ಲಿ ಕಹಳೆಯ ಕನ್ಸರ್ಟೊವೊಂದನ್ನು ಬರೆದನು. ಅದೇ ದಶಕದಲ್ಲಿ ಮೈಕೇಲ್ ಹೈಡನನು ರಚಿಸಿದ ಕನ್ಸರ್ಟೊ ಇಪ್ಪತ್ತನಾಲ್ಕನೆಯ ಸ್ವರವನ್ನು ಮುಟ್ಟುತ್ತದೆ. ಬಾಖನೂ ಕೇಳದ ಎತ್ತರ ಅದು. ಹೀಗೆ ಶಿಖರವನ್ನು ಮುಟ್ಟಿದ ಒಂದೇ ತಲೆಮಾರಿನೊಳಗೆ ಕಲೆಯು ಕಣ್ಮರೆಯಾಯಿತು. ವಾದ್ಯ ಅದೇ, ತುಟಿಗಳೂ ಮನುಷ್ಯರವೇ. ಬದಲಾದುದು ಅವರ ಜೀವನವ್ಯವಸ್ಥೆ.

ಜೊಹಾನ್ ಅರ್ನ್ಸ್ಟ್ ಆಲ್ಟೆನ್‌ಬುರ್ಗನ ಜೀವನವು ಇದಕ್ಕೆ ನಿದರ್ಶನವಾಗಿದೆ. ರೈಖೆಯ ಮರಣದ ವರ್ಷವೇ, ರೈಖೆ ಹುಟ್ಟಿದ ಊರಾದ ವೈಸೆನ್‌ಫೆಲ್ಸಿನಲ್ಲಿಯೇ, ಇವನ ಜನನ. ತಂದೆಯು ಅಲ್ಲಿನ ಡ್ಯೂಕನ ಆಸ್ಥಾನದ ಹೆಸರಾಂತ ಕಹಳೆಗಾರ. ಸಣ್ಣ ಸಂಸ್ಥಾನವಾದರೂ ಕಹಳೆವಾದನಕ್ಕೆ ಅದು ತವರಾಗಿತ್ತು; ಬಾಖನ ಎರಡನೆಯ ಹೆಂಡತಿಯ ತಂದೆಯೂ ಅಲ್ಲಿ ಕಹಳೆಗಾರನಾಗಿದ್ದವನೇ. ಆದರೆ 1746ರಲ್ಲಿ ಡ್ಯೂಕನ ವಂಶವೇ ನಿಂತುಹೋಗಿ ಆಸ್ಥಾನವು ಮುಚ್ಚಿತು. ಮಗ ಆಲ್ಟೆನ್‌ಬುರ್ಗನು ತಂದೆಯಿಂದ ವಿದ್ಯೆಯನ್ನು ಕ್ರಮವಾಗಿಯೇ ಕಲಿತನು, ಸಪ್ತವರ್ಷ ಯುದ್ಧದಲ್ಲಿ ರಣಕಹಳೆಯನ್ನೂ ಊದಿದನು. ಆದರೆ ಯುದ್ಧ ಮುಗಿದ ಮೇಲೆ ಕಲಿತ ವಿದ್ಯೆಗೆ ತಕ್ಕ ಆಸ್ಥಾನ ದೊರೆಯಲಿಲ್ಲ. ಬಿಟ್ಟರ್‌ಫೆಲ್ಡ್ ಎಂಬ ಸಣ್ಣ ಊರಿನಲ್ಲಿ ಚರ್ಚಿನ ಆರ್ಗನ್ ವಾದಕನಾಗಿ ಉಳಿದ ಆಯುಷ್ಯವನ್ನು ಕಳೆದು 1801ರಲ್ಲಿ ತೀರಿಕೊಂಡನು. ಕಹಳೆ ಮತ್ತು ನಗಾರಿ ವಾದನಕಲೆಯ ಬಗೆಗೆ ಇವನು ಬರೆದ ಗ್ರಂಥವು 1795ರಲ್ಲಿ ಹಾಲೆ ನಗರದಲ್ಲಿ ಅಚ್ಚಾಯಿತು. ಶ್ರೇಣಿಯ ಚರಿತ್ರೆ, ಸನ್ನದು, ವಾದನಕ್ರಮ, ಏಳು ಕಹಳೆಗಳಿಗಾಗಿ ಬರೆದ ಒಂದು ಕನ್ಸರ್ಟೊ, ಎಲ್ಲವೂ ಅದರಲ್ಲಿವೆ. ಈ ಶಾಸ್ತ್ರದ ಅತ್ಯಂತ ಪೂರ್ಣವಾದ ಪುಸ್ತಕವನ್ನು ಬರೆದವನು ಆ ವೃತ್ತಿಯಿಂದ ಜೀವನ ಮಾಡಲಾಗದವನು. ಅದನ್ನು ಓದಿ ಕಲಿಯಬೇಕಾದ ಶಿಷ್ಯನೂ ಆಗ ಇರಲಿಲ್ಲ.

ಕೆಲವು ವಿದ್ವಾಂಸರು ಸಂಗೀತಶೈಲಿಯ ಬದಲಾವಣೆಯೊಂದೇ ಇದಕ್ಕೆ ಕಾರಣವೆನ್ನುತ್ತಾರೆ. ಶೈಲಿ ಬದಲಾದುದು ನಿಜವೇ. ಹೊಸ ಸಿಂಫನಿಗಳು ಮೇಳದಿಂದ ಮೇಳಕ್ಕೆ ಸಂಚರಿಸತೊಡಗಿದುವು. ಒಂದೇ ಆಧಾರಷಡ್ಜಕ್ಕೆ ಕಟ್ಟುಬಿದ್ದ ಕಹಳೆಯು ನಗಾರಿಯೊಡನೆ ಸೇರಿ ಗಟ್ಟಿದನಿಯ ಘಟ್ಟಗಳಲ್ಲಿ ಷಡ್ಜಪಂಚಮಗಳನ್ನು ಒತ್ತಿಕೊಡುವುದಕ್ಕಷ್ಟೇ ಬೇಕಾಯಿತು. ಆದರೆ ಈ ವಾದವು ಅರ್ಧವನ್ನು ಮಾತ್ರ ಹೇಳುತ್ತದೆಂದು ನನ್ನ ಅಭಿಪ್ರಾಯ. ‘ಮೆಸೈಯ’ವನ್ನು ಪರಿಷ್ಕರಿಸುವಾಗ ಮೊಟ್ಸಾರ್ಟನ ಮುಂದೆ ಇದ್ದುದು ಹಳೆಯ ಶೈಲಿಯ ಕೃತಿಯೇ, ಅದಕ್ಕೆ ಬೇಕಾದ ವಾದಕನು ದೊರೆತಿದ್ದರೆ ಆ ಗೀತದಲ್ಲಿ ಹಾರ್ನ್ ವಾದ್ಯಕ್ಕೆ ಏನು ಕೆಲಸ? ದಿನವೆಲ್ಲ ಕೆಳಸ್ಥಾಯಿಯನ್ನು ಊದುವವನ ತುಟಿ ಮೇಲಿನದಕ್ಕೆ ಹದಗೊಳ್ಳದು. ಗುರುವಿಗೆ ಒಬ್ಬನೇ ಶಿಷ್ಯನೆಂಬ ಕಟ್ಟಳೆಯಿಂದ ಕಾಪಾಡಲ್ಪಟ್ಟಿದ್ದ ವಿದ್ಯೆಯು, ಆ ಒಬ್ಬ ಶಿಷ್ಯನೂ ಬಾರದೆ ಹೋದ ಕೂಡಲೆ ಕಡಿದುಬಿದ್ದಿತು. ಕಲೆಯನ್ನು ಬೆಳೆಸಿದ ಬಿಗಿಯೇ ಅದರ ನಾಶವನ್ನೂ ತ್ವರೆಗೊಳಿಸಿತು.

ಮುಂದಿನ ಪ್ರಯತ್ನಗಳೆಲ್ಲ ವಾದ್ಯವನ್ನು ಮಾರ್ಪಡಿಸುವ ಕಡೆಗೆ ತಿರುಗಿದುವು. ವಿಯೆನ್ನಾದ ಆಂಟನ್ ವೈಡಿಂಗರನು ಕೊಳವೆಯಲ್ಲಿ ರಂಧ್ರಗಳನ್ನು ಕೊರೆದು ಕೀಲಿಗಳನ್ನು ಜೋಡಿಸಿದನು. ಅವನಿಗಾಗಿ ಜೋಸೆಫ್ ಹೈಡನನು 1796ರಲ್ಲಿ ಬರೆದ ಕನ್ಸರ್ಟೊ ಜಗತ್ಪ್ರಸಿದ್ಧ. ಅದರ ಸೊಗಸೆಲ್ಲ ಹಿಂದೆ ಕಹಳೆಗೆ ಎಟುಕದಿದ್ದ ಮಧ್ಯಸ್ಥಾಯಿಯ ಸ್ವರಗಳಲ್ಲಿದೆ. 1814ರ ಸುಮಾರಿಗೆ ಷ್ಟ್ಯೋಲ್ಟ್ಸೆಲನು ವಾಲ್ವನ್ನು ಪ್ರಚಾರಕ್ಕೆ ತಂದನು, 1818ರಲ್ಲಿ ಬ್ಲ್ಯೂಮೆಲನೊಡನೆ ಅದಕ್ಕೆ ಪೇಟೆಂಟ್ ಪಡೆದನು. ಎಲ್ಲ ಸ್ವರಗಳೂ ಕೆಳಗೇ ಸಿಕ್ಕಿದ ಮೇಲೆ ಎತ್ತರಕ್ಕೇರುವ ಅವಶ್ಯಕತೆ ಯಾರಿಗೆ? ಬಾಖನ ಕೃತಿಗಳು ಮತ್ತೆ ವೇದಿಕೆಗೆ ಬಂದಾಗ ಕಹಳೆಯ ಪಾತ್ರಗಳನ್ನು ಕ್ಲಾರಿನೆಟ್ಟಿಗೆ ಒಪ್ಪಿಸುವುದು ವಾಡಿಕೆಯಾಯಿತು. ‘ಕ್ಲಾರಿನೆಟ್’ ಎಂಬ ಹೆಸರಿಗೆ ‘ಕಿರಿಯ ಕ್ಲಾರಿನೊ’ ಎಂದೇ ಅರ್ಥವಾದುದರಿಂದ ಇದರಲ್ಲಿ ಒಂದು ವಿಚಿತ್ರ ನ್ಯಾಯವೂ ಇದೆ.

1884ರಲ್ಲಿ ಬಾಖನ ಜನ್ಮಸ್ಥಳವಾದ ಐಸೆನಾಖಿನಲ್ಲಿಯೂ, ಮರುವರ್ಷ ಲಂಡನ್ನಿನಲ್ಲಿಯೂ ಬರ್ಲಿನ್ನಿನ ಜೂಲಿಯಸ್ ಕಾಸ್ಲೆಕನು ಬಾಖನ ಬಿ ಮೈನರ್ ಮಾಸ್ ಕೃತಿಯ ಕಹಳೆಯ ಭಾಗವನ್ನು ಬರೆದಂತೆಯೇ ನುಡಿಸಿ ಶ್ರೋತೃಗಳನ್ನು ಬೆರಗುಗೊಳಿಸಿದನು. ಅವನ ವಾದ್ಯವು ನೀಳವಾಗಿ ನೇರವಾಗಿದ್ದಿತು. ಅದನ್ನು ಕಂಡ ಜನರು ಬಾಖನ ಕಾಲದ ಕಹಳೆಯೇ ಮರಳಿ ದೊರೆಯಿತೆಂದು ನಂಬಿದರು. ಅದಕ್ಕೆ ಎರಡು ವಾಲ್ವುಗಳಿದ್ದುವು. ಉದ್ದವು ಹಳೆಯದರ ಸುಮಾರು ಅರ್ಧ. ನೇರವಾದ ವಾದ್ಯವೆಂದರೆ ಪ್ರಾಚೀನವೆಂಬ ಭ್ರಾಂತಿಯು ಅಲ್ಲಿಂದ ಬಹುಕಾಲ ನಡೆದುಬಂದಿತು.

ಕೊಳವೆಯನ್ನು ಗಿಡ್ಡಮಾಡಿದುದರಿಂದ ಆದ ಪ್ರಯೋಜನವಾದರೂ ಏನು? ಸ್ವರದ ಎತ್ತರವು ನಿಶ್ಚಿತವಾಗಿರುವಾಗ ತುಟಿಗಳು ಕಂಪಿಸಬೇಕಾದ ವೇಗವೂ ನಿಶ್ಚಿತ; ಎಂಟಡಿಯ ಕೊಳವೆಯಾದರೂ ಎರಡೂವರೆ ಅಡಿಯ ಪಿಕೊಲೊ ಟ್ರಂಪೆಟ್ಟಾದರೂ ಆ ಶ್ರಮ ತಪ್ಪದು. ಆದರೆ ಗಿಡ್ಡ ಕೊಳವೆಯಲ್ಲಿ ಆ ಎತ್ತರದ ಸ್ವಯಂಭೂ ಸ್ವರಗಳು ದೂರದೂರವಿರುವುದರಿಂದ ಗುರಿ ತಪ್ಪುವ ಭಯ ಕಡಮೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಅಡಾಲ್ಫ್ ಷೆರ್ಬೌಮ್, ಮಾರಿಸ್ ಆಂದ್ರೆ ಮೊದಲಾದವರು ಇಂಥ ಸಣ್ಣ ವಾದ್ಯಗಳಲ್ಲಿ ಅಮೋಘವಾದ ಸಿದ್ಧಿಯನ್ನು ಪಡೆದರು. ಆದರೂ 1950ರಲ್ಲಿ ಪ್ರಾದ್ ಉತ್ಸವದಲ್ಲಿ ಪಾಬ್ಲೊ ಕಸಾಲ್ಸನು ಎರಡನೆಯ ಬ್ರಾಂಡೆನ್‌ಬುರ್ಗ್ ಕನ್ಸರ್ಟೊವನ್ನು ನಡೆಸಿದಾಗ ಕಹಳೆಯ ಪಾತ್ರವನ್ನು ನುಡಿಸಿದುದು ಸ್ಯಾಕ್ಸೊಫೋನ್.

ಉದ್ದಕೊಳವೆಯ ಕಹಳೆಗೆ ಮರಳುವ ಕಾರ್ಯವು 1960ರಲ್ಲಿ ಮೊದಲಾಯಿತು. ಆಟೊ ಷ್ಟೈನ್‌ಕಾಫ್ ಎಂಬ ಜರ್ಮನ್ ವಾದ್ಯತಜ್ಞನು ರೈಖೆಯ ಚಿತ್ರವನ್ನು ಅನುಸರಿಸಿ ಸುರುಳಿ ಕಹಳೆಯನ್ನು ಮಾಡಿಸಿ, ಅದರಲ್ಲಿ ಮೂರು ಸಣ್ಣ ರಂಧ್ರಗಳನ್ನು ಇರಿಸಿದನು. ಬೆರಳೆತ್ತಿ ರಂಧ್ರವನ್ನು ತೆರೆದಾಗ ನೆರೆಯ ಸ್ವರಗಳು ಅಡಗಿ ಬೇಕಾದುದು ನಿಲ್ಲುತ್ತದೆ. ಹನ್ನೊಂದು ಹದಿಮೂರುಗಳ ದೋಷವೂ ತಿದ್ದುತ್ತದೆ. ವಾಲ್ಟರ್ ಹೋಲಿ ಎಂಬ ವಾದಕನು ಇದರಿಂದ ಬಾಖನ ಕೃತಿಗಳನ್ನು ನುಡಿಸಿ ತೋರಿಸಿದನು. ಹಳೆಯ ವಾದ್ಯಗಳಲ್ಲಿ ಈ ರಂಧ್ರಗಳಿರಲಿಲ್ಲವಾದುದರಿಂದ ಇದು ರಾಜಿಯೇ. ಆದರೆ ಫಲಕಾರಿಯಾದ ರಾಜಿ. ಅಮೆರಿಕದಿಂದ ಬಂದು ಯೂರೋಪಿನಲ್ಲಿ ನೆಲಸಿದ ಎಡ್ವರ್ಡ್ ಟಾರನು (1936–2020) ಬೆಂದಿನೆಲ್ಲಿ ಮತ್ತು ಆಲ್ಟೆನ್‌ಬುರ್ಗರ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿದನಲ್ಲದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಶಿಷ್ಯರನ್ನೂ ಸಿದ್ಧಪಡಿಸಿದನು. ಎರಡು ಶತಮಾನಗಳ ಹಿಂದೆ ಕಡಿದುಹೋಗಿದ್ದ ಗುರುಶಿಷ್ಯಸಂಬಂಧವು ಹೀಗೆ ಪುಸ್ತಕದ ಮೂಲಕ ಮತ್ತೆ ಕೂಡಿಕೊಂಡಿತು. ಬಾಸೆಲ್ಲಿನಲ್ಲಿಯೇ ಬೋಧಕನಾದ ಜಾನ್-ಫ್ರಾಂಸ್ವಾ ಮಾಡಫನು ರಂಧ್ರಗಳನ್ನೂ ತೊರೆದು, ತುಟಿಯೊಂದನ್ನೇ ನಂಬಿ, ಎರಡನೆಯ ಬ್ರಾಂಡೆನ್‌ಬುರ್ಗ್ ಕನ್ಸರ್ಟೊವನ್ನು ಬೆಲ್ಜಿಯಮ್ಮಿನ ಲಾ ಪೆತಿತ್ ಬಾಂದ್ ಎಂಬ ವೃಂದದೊಡನೆ ಧ್ವನಿಮುದ್ರಿಸಿದ್ದಾನೆ. ಅದರಲ್ಲಿ ಕಹಳೆಯ ದನಿಯ ಪಕ್ಕದಲ್ಲಿ ರೆಕಾರ್ಡರಿನ ಪ್ರತಿಯೊಂದು ಸ್ವರವೂ ಕೇಳಿಬರುತ್ತದೆ. ರಂಧ್ರವುಳ್ಳ ವಾದ್ಯವನ್ನು ‘ಸಹಜ ಕಹಳೆ’ಯೆಂದು ಕರೆಯಬಹುದೇ ಎಂಬ ವಿವಾದವು ಈ ವಾದಕರಲ್ಲಿ ಇನ್ನೂ ಮುಗಿದಿಲ್ಲ. ವೃತ್ತಿಪರ ವೃಂದಗಳಲ್ಲಿ ರಂಧ್ರವುಳ್ಳದ್ದೇ ಹೆಚ್ಚಾಗಿ ಬಳಕೆಯಲ್ಲಿದೆ.